ಎಡಕ್ಕೆ ತಿರುಗಿದ ಬಳ್ಳಿ

ಅರಸೀಕೆರೆ ದಾಟಿ ಬಸ್ಸು ತಿಪಟೂರಿನ ಹತ್ತಿರ ಬರುತ್ತಿದ್ದಂತೆ ನಾನು ಕಿಟಕಿ ಎಳೆದು ಮುಚ್ಚಿಬಿಡುತ್ತೇನೆ. ಮಾರುಕಟ್ಟೆಯ ಕಡೆಯಿಂದ ಒಣಗಿದ ಕೊಬ್ಬರಿಯ ವಾಸನೆ ಬರುತ್ತದೆ. ಸ್ವಲ್ಪ ಎಣ್ಣೆ, ಸ್ವಲ್ಪ ಧೂಳು, ಸ್ವಲ್ಪ ಸಿಹಿ. ಈ ಕಡೆಯ ಹೆಣ್ಣುಮಕ್ಕಳಿಗೆ ಅದು ತವರಿನ ವಾಸನೆ. ನನಗೆ ಮಾತ್ರ ಅದು ಮೂಗಿಗೆ ಬಿದ್ದರೆ ಇಪ್ಪತ್ತೈದು ವರ್ಷಕ್ಕೂ ಹಿಂದಿನ ಸಿಟ್ಟು ಎದ್ದು ಕೂರುತ್ತದೆ. ಕಳೆದ ತಿಂಗಳು ಅಣ್ಣನ ಮಗಳು ಚೈತ್ರಳ ಸೀಮಂತಕ್ಕೆಂದು ಹಾಸನದಿಂದ ಹೊರಟಾಗಲೂ ಕಿಟಕಿ ಎಳೆದೇ ಕೂತಿದ್ದೆ. ಆದರೆ ಪಕ್ಕದಲ್ಲಿದ್ದ ಮುದುಕಿಗೆ ವಾಂತಿ ಬರುವ ಹಾಗಾಗಿ ತೆಗೆಯಲೇಬೇಕಾಯಿತು. ಬಂತು ವಾಸನೆ. ಅದರ ಹಿಂದೆಯೇ ಆ ವರ್ಷವೂ ಬಂತು.

ನಮ್ಮೂರು ಚಿಕ್ಕನಾಯಕನಹಳ್ಳಿಯಿಂದ ಕಂದಿಕೆರೆಗೆ ಹೋಗುವ ದಾರಿಯಲ್ಲಿ, ಟಾರು ರಸ್ತೆಯಿಂದ ಒಂದು ಮೈಲಿ ಒಳಗೆ. ಬೋಳು ಗುಡ್ಡ, ಗುಡ್ಡದ ಕೆಳಗೆ ತೆಂಗಿನ ತೋಟ, ತೋಟದ ನಡುವೆ ನಲವತ್ತು ಮನೆ. ಪ್ರತಿ ಮನೆಗೂ ಅಟ್ಟ. ನಮ್ಮ ಕಡೆ ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಸುರಿದು ಹೆಚ್ಚುಕಡಿಮೆ ಒಂದು ವರ್ಷ ಮರೆತುಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟುಕೊಂಡು, ಉಂಡೆಯಾಗಿ ಉಳಿಯಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಲೊಟಲೊಟ ಅಂತ ಸದ್ದು ಬರಬೇಕು. ಆ ಸದ್ದಿಗೆ ಮುಂಚೆ ಒಡೆದವನು ಕೆಟ್ಟ. ನಮ್ಮವ್ವನ ಕಿವಿ ಆ ವಿಷಯದಲ್ಲಿ ಬಲು ಚುರುಕು. ಸದ್ದು ಕೇಳಿಯೇ ಇದು ಎಣ್ಣೆಗೆ, ಇದು ಅಡುಗೆಗೆ, ಇದು ನನಗೆ ಅಂತ ಬೇರೆ ಮಾಡುತ್ತಿದ್ದಳು.

"ನನಗೆ" ಎಂದರೆ ಕೆತ್ತುವುದಕ್ಕೆ. ಮದುವೆ, ಸೀಮಂತದ ತಟ್ಟೆಗಳಲ್ಲಿ ಇಡುತ್ತಾರಲ್ಲ, ಕೆತ್ತಿದ ಕೊಬ್ಬರಿ ಬಟ್ಟಲು, ಅದರಲ್ಲಿ ಅವ್ವನದು ಸುತ್ತಮುತ್ತ ಹೆಸರಾದ ಕೈ. ಗಿಟುಕನ್ನು, ಅಂದರೆ ಆ ಒಣಗಿದ ಉಂಡೆಯನ್ನು, ಎರಡು ಹೋಳು ಮಾಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಮೆತ್ತಗಾದ ಮೇಲೆ ಕಂದು ಸಿಪ್ಪೆಯ ಮೇಲೆ ಚಾಕುವಿನ ಮೊನೆ ಆಡಿಸಿದರೆ ಒಳಗಿನ ಬಿಳುಪು ಗೆರೆಗೆರೆಯಾಗಿ ಕಾಣುತ್ತಿತ್ತು. ಅವ್ವನ ಬಳ್ಳಿ ಬಟ್ಟಲಿನ ಬುಡದಿಂದ ಹೊರಟು ಬಲಕ್ಕೆ ಸುತ್ತಿ ಸುತ್ತಿ ಅಂಚಿಗೆ ಬರುತ್ತಿತ್ತು. ಶುಭಕಾರ್ಯದ್ದು, ಬಲಕ್ಕೇ ತಿರುಗಬೇಕು. ನನಗೆ ಚಾಕು ಕೊಡುತ್ತಿರಲಿಲ್ಲ. ಹೋಳುಗಳ ನಾರು ಒರೆಸುವುದು, ಅರಿಸಿನ ಹಚ್ಚುವುದು, ಅಷ್ಟೇ ನನ್ನ ಪಾಲು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋಯರ್ ಪರೀಕ್ಷೆ ಪಾಸು ಮಾಡಿ ಬಂದು ತೋರಿಸಿದಾಗಲೂ, "ಕಾಗ್ದದ ಮ್ಯಾಲೆ ತಪ್ಪಾದ್ರೆ ಅಳಿಸ್ಬೋದು. ಇದ್ರ ಮ್ಯಾಲೆ ಏನ್ ಮಾಡ್ತೀಯೆ?" ಅಂದಿದ್ದಳು.

ತೊಂಬತ್ತರ ದಶಕದ ಕೊನೆ ಅದು. ಅಪ್ಪ ತೀರಿಕೊಂಡು ಆಗಲೇ ಐದಾರು ವರ್ಷ. ಅಣ್ಣನಿಗೆ ತಿಪಟೂರಿನ ಒಂದು ಕಚೇರಿಯಲ್ಲಿ ಗುಮಾಸ್ತೆ ಕೆಲಸ, ಆ ವೈಶಾಖದಲ್ಲೇ ಮದುವೆಯಾಗಿ ಅಲ್ಲಿಯೇ ಬಾಡಿಗೆ ಮನೆ ಹಿಡಿದಿದ್ದ. ಪಿಯುಸಿ ಮುಗಿಸಿ ಮನೆಯಲ್ಲಿದ್ದ ನನಗೆ ಇಪ್ಪತ್ತಮೂರು. ಆಷಾಢದ ಗಾಳಿ ಶುರುವಾದ ವಾರ ಕಾಯಿ ಅಟ್ಟಕ್ಕೆ ಹಾಕುತ್ತಿದ್ದೆವು. ನಾನು ಅಟ್ಟದ ಮೇಲೆ, ಅವ್ವ ಏಣಿಯ ಬುಡದಲ್ಲಿ. ಅವಳು ಕುಕ್ಕೆ ಎತ್ತಿ ಕೊಡುವುದು, ನಾನು ಬಗ್ಗಿ ಎಳೆದುಕೊಂಡು ಸುರಿಯುವುದು. ಒಂದು ಸಲ ಕೈ ಚಾಚಿದೆ, ಕುಕ್ಕೆ ಬರಲಿಲ್ಲ.

"ಕೊಡವ್ವ," ಅಂದೆ.

ಬಗ್ಗಿ ನೋಡಿದರೆ ಅವ್ವ ಗೋಡೆಗೆ ಒರಗಿ ಕೂತು, ತನ್ನ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಅದು ಬೇರೆ ಯಾರದೋ ಎನ್ನುವ ಹಾಗೆ ನೋಡುತ್ತಿದ್ದಳು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು.

ಲಕ್ವ. ತಿಪಟೂರಿನ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇಟ್ಟುಕೊಂಡು, ಬಲಗಡೆ ಇನ್ನು ಕಷ್ಟ, ಮನೆಯಲ್ಲಿ ನೋಡಿಕೊಳ್ಳಿ ಅಂತ ಕಳಿಸಿದರು. ಮನೆಯಲ್ಲಿ ಎಂದರೆ ಯಾರ ಮನೆಯಲ್ಲಿ ಎನ್ನುವುದನ್ನು ಯಾರೂ ಕೇಳಲೇ ಇಲ್ಲ. "ನಂದು ಒಂದೇ ರೂಮು ಕಣೇ ಶಾರದ, ಮಹಡಿ ಮೇಲೆ ಬೇರೆ. ಅವ್ವನ್ನ ಹೆಂಗೆ ಹತ್ತಿಸೋದು? ಭಾನುವಾರ ಭಾನುವಾರ ಬತ್ತೀವಿ ಬುಡು," ಅಂದ ಅಣ್ಣ. ಪಾಪ, ಮಾತಿಗೆ ತಪ್ಪಲಿಲ್ಲ. ಭಾನುವಾರ ಹನ್ನೊಂದು ಗಂಟೆ ಬಸ್ಸಿಗೆ ಬಂದು, ಊಟ ಮಾಡಿ, ನಾಲ್ಕು ಗಂಟೆ ಬಸ್ಸಿಗೆ ಹೋಗುತ್ತಿದ್ದರು.

ಉಳಿದ ಆರು ದಿನ ನಾನು ಮತ್ತು ಅವ್ವ. ಬೆಳಿಗ್ಗೆ ಎದ್ದರೆ ಒದ್ದೆ ಬಟ್ಟೆ ಬದಲಿಸುವುದು, ಮೈ ಒರೆಸುವುದು, ಎಣ್ಣೆ ತಿಕ್ಕುವುದು, ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ತಿರುಗಿಸುವುದು. ಬಲಗೈಯೊಳಗೆ ರಾಗಿ ಹಿಟ್ಟಿನ ಉಂಡೆ ಇಟ್ಟು ನನ್ನ ಕೈಯಿಂದ ಅವಳ ಕೈಯನ್ನು ಹಿಸುಕಿಸುವುದು. ಅವ್ವ ಗಟ್ಟಿ ಹೆಂಗಸು. ಅವಳನ್ನು ಎತ್ತಿ ಕೂರಿಸುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗುತ್ತಿತ್ತು. ಮಾತೂ ಹೋಗಿತ್ತು ಅಂತಲೇ ಅನ್ನಬೇಕು. ನಾಲಿಗೆ ಹೊರಳದೆ ಗಂಟಲಿನಿಂದ ಏನೋ ಗೊರಗೊರ ಬರುತ್ತಿತ್ತು. ಡಾಕ್ಟರಿಗೆ ಅರ್ಥವಾಗುತ್ತಿರಲಿಲ್ಲ, ಅಣ್ಣನಿಗೂ ಆಗುತ್ತಿರಲಿಲ್ಲ. ನನಗೆ ಮಾತ್ರ ಶ್ರಾವಣದ ಹೊತ್ತಿಗೆ ಒಂದೊಂದು ಮಾತೂ ತಿಳಿಯತೊಡಗಿತು. ಯಾರಾದರೂ ನೋಡಲು ಬಂದರೆ ಅವ್ವ ಹೇಳುವುದು, ನಾನು ಅದನ್ನು ಬಿಡಿಸಿ ಹೇಳುವುದು. ಬೈದರೆ ಬೈಗಳವನ್ನೂ ಹಾಗೆಯೇ ಹೇಳುತ್ತಿದ್ದೆ. ಸೋದರತ್ತೆ ಒಬ್ಬಳು ಬಂದಾಗ, "ಈಗ್ ಬಂದ್ಲು ನೋಡು, ನಾನ್ ಸತ್ತಿದ್ರೆ ಸೀರೆ ಒಗೆಸ್ಕೊಂಡು ಬರ್ತಿದ್ಲು" ಅಂದದ್ದನ್ನೂ ಒಂದಕ್ಷರ ಬಿಡದೆ ಹೇಳಿ, ಆಮೇಲೆ ಇಬ್ಬರೂ ನಕ್ಕಿದ್ದೆವು. ಅವ್ವನ ಮಾತಿಗೆ ನಾನು ಒಂದು ಗುಲಗಂಜಿಯಷ್ಟೂ ಹೆಚ್ಚುಕಡಿಮೆ ಮಾಡುವುದಿಲ್ಲ ಎನ್ನುವುದು ನನಗೊಂದು ಹೆಮ್ಮೆಯಾಗಿತ್ತು.

ಶ್ರಾವಣದಲ್ಲಿ ಸಂಪಿಗೆಯ ಕಡೆಯವರೊಬ್ಬರು ಬಂದರು. ಮಗಳ ಮದುವೆ ಕಾರ್ತಿಕದಲ್ಲಿ, ಅಲ್ಲಿಯೇ ಶ್ರೀನಿವಾಸ ದೇವರ ಸನ್ನಿಧಿಯಲ್ಲಿ. ಹನ್ನೊಂದು ಜೊತೆ ಬಟ್ಟಲು ಬೇಕು. ಅವ್ವನನ್ನು ನೋಡಿ ಏನೂ ಹೇಳದೆ ಎದ್ದರು. ನಾನು ಬಾಗಿಲಿನ ತನಕ ಹೋಗಿ, "ನಾನ್ ಕೆತ್ತಿ ಕೊಡ್ತೀನಿ," ಅಂದುಬಿಟ್ಟೆ. ಒಳಗೆ ಬಂದರೆ ಅವ್ವ ಸರಿಯಿದ್ದ ಅರ್ಧ ಬಾಯಲ್ಲಿ ನಗುತ್ತಿದ್ದಳು.

ಆಮೇಲೆ ನನಗೆ ಕಲಿಸಲು ಕೂತಳು. ಗೋಡೆಗೆ ಹಾಸಿಗೆ ಸುರುಳಿ ಮಾಡಿ ಒರಗಿಸುತ್ತಿದ್ದೆ. ಗಾರೆ ನೆಲದ ಮೇಲೆ ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಗೆರೆ ಎಳೆಯುತ್ತಿದ್ದಳು. ನಾನು ಅದನ್ನು ನೋಡಿ ಬಟ್ಟಲಿನ ಮೇಲೆ ಎಳೆಯಬೇಕು. ಮೊದಲಿಗೆ ಹಾಳಾದ ಹೋಳುಗಳನ್ನು ಲೆಕ್ಕ ಇಡಲಿಲ್ಲ, ಎರಡು ತಿಂಗಳು ಮೂರು ಹೊತ್ತೂ ಕೊಬ್ಬರಿ ಚಟ್ನಿ ತಿಂದೆವು. ಅವ್ವನ ಹಳೆಯ ಚಾಕು ಅವಳ ಬಲಗೈಗೆ ಸವೆದದ್ದು, ನನ್ನ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಚಿಕ್ಕನಾಯಕನಹಳ್ಳಿ ಬಸ್ ಸ್ಟ್ಯಾಂಡಿನ ಪಕ್ಕ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ ಕರೀಂ ಸಾಬರು ಮುರಿದ ಆಕ್ಸಾ ಬ್ಲೇಡನ್ನು ಸಾಣೆ ಹಿಡಿದು, ಹಿಡಿಗೆ ಸೈಕಲ್ ಟ್ಯೂಬು ಸುತ್ತಿ ಒಂದು ಚಾಕು ಮಾಡಿಕೊಟ್ಟರು. "ಇದು ನಿಮ್ಮ ಕೈ ಅಳತೆಗೆ ಮಾಡಿರೋದು ಅಮ್ಮ, ಯಾರಿಗೂ ಕೊಡಬ್ಯಾಡಿ," ಅಂದರು.

ಹನ್ನೊಂದು ಜೊತೆ ಮುಗಿದ ದಿನ ಸಾಲಾಗಿ ಜೋಡಿಸಿ ನೋಡಿದಾಗಲೇ ನನಗೆ ಗೊತ್ತಾದದ್ದು. ಬಳ್ಳಿಗಳೆಲ್ಲ ಎಡಕ್ಕೆ ತಿರುಗಿದ್ದವು. ಅವ್ವನ ಎಡಗೈಗೆ ಗೆರೆ ಹೊರಳಿದ್ದೇ ಆ ಕಡೆಗೆ. ನಾನು ಆ ಗೆರೆಯನ್ನೇ ನೋಡಿ ಕಲಿತವಳು. ಬಟ್ಟಲು ಒಯ್ಯಲು ಬಂದಿದ್ದ, ಮದುವೆ ಹೆಣ್ಣಿನ ಅಜ್ಜಿ ಕಣ್ಣು ಕಿರಿದು ಮಾಡಿ, "ಎಡಕ್ಕೆ ತಿರುಗೈತಲ್ಲ ತಾಯಿ, ಶುಭಕಾರ್ಯಕ್ಕೆ ಹಿಂಗ್ ಮಾಡ್ತಾರಾ?" ಅಂದರು. ಅವ್ವ ಗೊರಗೊರ ಅಂದಳು. ನಾನು ಹೇಳಿದೆ: "ಬಲಗೈ ಹೋಯ್ತು, ಎಡಗೈ ಉಳೀತು. ಬಳ್ಳಿನೂ ಉಳಿದ್ ಕಡೀಕೆ ತಿರುಗೈತೆ, ಏನೀಗ, ಅಂತಾಳೆ ಅವ್ವ." ಅಜ್ಜಿ ಬಟ್ಟಲುಗಳನ್ನು ಸೆರಗಿನಲ್ಲಿ ಒರೆಸಿ ಬುಟ್ಟಿಗೆ ಹಾಕಿಕೊಂಡರು.

ಆ ಚಳಿಗಾಲದಷ್ಟು ಸುಖವಾಗಿ ನಾನು ಅದಕ್ಕೆ ಮುಂಚೆಯೂ ಇರಲಿಲ್ಲ, ಆಮೇಲೂ ಇಲ್ಲ. ಹೇಳಿದರೆ ಜನ ನಂಬುವುದಿಲ್ಲ. ಮಲಮೂತ್ರ ಬಳಿದುಕೊಂಡು ಯಾವ ಸುಖ ಅನ್ನುತ್ತಾರೆ. ಬೆಳಿಗ್ಗೆ ಅವ್ವನ ಕೆಲಸವೆಲ್ಲ ಮುಗಿಸಿ, ಅವಳಿಗೆ ಗಂಜಿ ಕುಡಿಸಿ, ಹತ್ತು ಗಂಟೆಗೆ ಪಡಸಾಲೆಯ ಬಿಸಿಲಿಗೆ ಇಬ್ಬರೂ ಕೂತರೆ ಎರಡು ಗಂಟೆಯ ತನಕ ನಾನು ಈ ಲೋಕದಲ್ಲಿರುತ್ತಿರಲಿಲ್ಲ. ಹೊಲಗಳಲ್ಲಿ ರಾಗಿ ಕುಯ್ಲು ಮುಗಿದು ಗೊಲ್ಲರ ಕುರಿ ಹಿಂಡುಗಳು ಮನೆಯ ಮುಂದೆಯೇ ಹಾದುಹೋಗುತ್ತಿದ್ದವು. ಒಂದು ದಿನ ಗಿಳಿ, ಮಾವಿನಕಾಯಿ ಕೆತ್ತಿ ಕೆತ್ತಿ ಸಾಕಾಗಿ, ಬಳ್ಳಿಯ ಕೆಳಗೆ ಬಟ್ಟಲಿನ ಅಂಚಿಗೆ ಸುತ್ತಲೂ ಒಂದು ಕುರಿಸಾಲು ಕೆತ್ತಿದೆ. ಒಂದೊಂದು ಕುರಿ ಜೋಳದ ಕಾಳಿನಷ್ಟು. ಕೊನೆಯ ಮರಿ ಮಾತ್ರ ಹಿಂದಕ್ಕೆ ತಿರುಗಿ ನೋಡುತ್ತಿತ್ತು. ಅವ್ವ ಅದನ್ನು ಎಡಗೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ, "ಇದು ನಂದಲ್ಲ. ನಿಂದು," ಅಂದಳು. ನಾನು ಎದ್ದು ಹಿತ್ತಿಲಿಗೆ ಹೋಗಿ ಅತ್ತೆ. ಅವ್ವ ನನ್ನ ಕೈಯನ್ನು ಹೊಗಳಿದ್ದು ಅದೇ ಮೊದಲು.

ಮಾಘದಿಂದ ಮದುವೆಗಳ ಮೇಲೆ ಮದುವೆ. ಕುರಿಸಾಲಿನ ಬಟ್ಟಲೇ ಬೇಕು ಅಂತ ತುರುವೇಕೆರೆಯಿಂದ ಬಂದರು, ಹುಳಿಯಾರಿನಿಂದ ಬಂದರು. ನಮ್ಮ ಕೆತ್ತನೆಗೆ ಆಯಸ್ಸಿಲ್ಲ ನೋಡಿ, ಮದುವೆ ಮುಗಿದ ವಾರಕ್ಕೆ ತುರಿದು ಹೋಳಿಗೆಗೋ ಪಾಯಸಕ್ಕೋ ಹಾಕುತ್ತಾರೆ. ಹೆಸರು ಬರೆದು ಇಡುವ ಜಾಗವೂ ಇಲ್ಲ. ನನಗೆ ಬೇಕಾಗಿದ್ದದ್ದು ಬೆಟ್ಟದಷ್ಟೇನಲ್ಲ. ತಟ್ಟೆ ನೋಡಿದವರು, ಇದು ಶಾರದನ ಕೈ ಅನ್ನಬೇಕು, ಅಷ್ಟೇ. ಊರವರು ಆಗಲೇ ಅನ್ನತೊಡಗಿದ್ದರು.

ಜ್ಯೇಷ್ಠ ಮಾಸದ ಒಂದು ಭಾನುವಾರ ನಮ್ಮ ಮನೆಯ ಮುಂದೆ ಜೀಪು ಬಂದು ನಿಂತಿತು. ಅಣ್ಣ ಅತ್ತಿಗೆ ಎಂದಿನಂತೆ ಬಸ್ಸಿಗೆ ಬಂದಿದ್ದರು. ನಾನು ತೋಟದ ಪಂಪಿನ ತೊಟ್ಟಿಯಲ್ಲಿ ಅವ್ವನ ಬಟ್ಟೆ ಒಗೆಯುತ್ತಿದ್ದೆ. ಅಣ್ಣ ಓಡಿ ಬಂದು, "ಲೇ ಶಾರದ, ಬೇಗ ಬಾ. ಯಾರೋ ಮೇಡಂ ಮೈಸೂರಿಂದ ಬಂದವ್ರೆ. ಅವ್ವ ಏನೋ ಹೇಳ್ತೈತೆ, ಯಾರ್ಗೂ ಗೊತ್ತಾಯ್ತಿಲ್ಲ," ಅಂದವನೇ ಎಳನೀರು ಕೆಡವಿಸಲು ಮರದ ಕಡೆ ಹೋದ. ಸೋಪಿನ ಕೈ ಸೀರೆಗೆ ಒರೆಸಿಕೊಂಡು ಬಂದೆ.

ಮೇಡಂ ಅವ್ವನ ಮುಂದೆ ಚಾಪೆಯ ಮೇಲೆಯೇ ಕೂತಿದ್ದರು. ಒಳ್ಳೆಯ ಹೆಂಗಸು, ಅವರನ್ನು ನಾನು ಇವತ್ತಿಗೂ ಬೈಯುವುದಿಲ್ಲ. ತೊಡೆಯ ಮೇಲೆ ನನ್ನ ಕುರಿಸಾಲಿನ ಬಟ್ಟಲು. ಸಂಪಿಗೆಯ ಯಾವುದೋ ಮದುವೆಯಲ್ಲಿ ನೋಡಿ ಕೇಳಿ ತಂದಿದ್ದರಂತೆ. ಮೈಸೂರಿನಲ್ಲಿ ಅವರದೊಂದು ಕರಕುಶಲ ಕಲಿಸುವ ಸಂಸ್ಥೆ. ಇದನ್ನು ಕೆತ್ತಿದವರು ಅಲ್ಲಿಗೆ ಬಂದು ಇರಬೇಕು, ಹೆಣ್ಣುಮಕ್ಕಳಿಗೆ ಕಲಿಸಬೇಕು, ಇರಲು ಜಾಗ, ಕೈಗೆ ಸಂಬಳ, ದೊಡ್ಡ ಊರುಗಳಲ್ಲಿ ಪ್ರದರ್ಶನ. ಅವ್ವನ ಮುಂದೆ ಇದನ್ನೆಲ್ಲ ಆಗಲೇ ಹೇಳಿ ಆಗಿತ್ತು, ನನಗೆ ಇನ್ನೊಂದು ಸಲ ಹೇಳಿದರು.

"ಕೆತ್ತಿದ್ದು ಯಾರು ಅಂತ ನಿಮ್ಮ ತಾಯೀನ ಕೇಳ್ದೆ. ಹೇಳ್ತಿದ್ದಾರೆ, ನನಗೆ ತಿಳೀತಿಲ್ಲ. ನೀವೊಂದ್ಸಲ ಕೇಳಿ ಹೇಳಿಯಮ್ಮ," ಅಂದರು.

ನಾನೇ ಹೇಳಿಬಿಡಬಹುದಿತ್ತು. ಆದರೆ ಅವ್ವನ ಬಾಯಿಂದ ಬರಲಿ ಅನ್ನಿಸಿತು. ದುರಾಸೆ ಅಂದರೆ ಅದೇ ನನ್ನ ದುರಾಸೆ. ಹತ್ತಿರ ಹೋಗಿ ಕೂತು, "ಯಾರವ್ವ ಕೆತ್ತಿದ್ದು, ಹೇಳು," ಅಂದೆ.

ಅವ್ವ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡಳು. ನನ್ನ ಮುಖ ನೋಡಲಿಲ್ಲ, ಮೇಡಂ ಮುಖ ನೋಡಿ ಹೇಳಿದಳು. ನಾನು ತಪ್ಪು ಕೇಳಿಸಿಕೊಂಡೆ ಅಂದುಕೊಂಡು, "ಯಾರು?" ಅಂದೆ. ಎರಡನೆಯ ಸಲ ಇನ್ನೂ ಬಿಡಿಸಿ ಹೇಳಿದಳು. ಕೇಳಿಸಿಕೊಳ್ಳುವುದರಲ್ಲಿ ತಪ್ಪೇ ಇರಲಿಲ್ಲ.

"ಏನಂತೆ?" ಅಂದರು ಮೇಡಂ.

ಒಂದು ವರ್ಷ ಅವ್ವನ ಒಂದು ಮಾತನ್ನೂ ನಾನು ತಿರುಚಿರಲಿಲ್ಲ. ಆ ಹೊತ್ತಿನಲ್ಲಿ ತಿರುಚುವುದು ಹೇಗೆ ಅಂತಲೇ ನನಗೆ ಹೊಳೆಯಲಿಲ್ಲ. ಬಾಯಿ ತಾನಾಗಿ ತೆರೆಯಿತು.

"ಸೊಸೆ ಕೆತ್ತಿದ್ದು, ಲಲಿತ ಅಂತ, ಅಂತಾಳೆ," ಅಂದೆ.

ಅತ್ತಿಗೆ ಕಾಫಿ ಲೋಟ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿನಲ್ಲಿ ನಿಂತಿದ್ದಳು. ಮೇಡಂ ಅವಳ ಕಡೆ ತಿರುಗಿ ನಕ್ಕರು. ಅತ್ತಿಗೆ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಲೋಟ ಕೆಳಗಿಟ್ಟು, ತಲೆ ತಗ್ಗಿಸಿ, ಸೆರಗಿನ ತುದಿ ಹಿಡಿದುಕೊಂಡು ನಿಂತಳು. ನಾಚಿಕೆ ಅಂದುಕೊಂಡರು ಮೇಡಂ. ಆಮೇಲೆ ನನ್ನನ್ನು, "ನೀವೇನ್ ಮಾಡ್ತೀರಮ್ಮ?" ಅಂತ ಕೇಳಿದರು.

"ನಾನು ಅವ್ವನ್ನ ನೋಡ್ಕೋತೀನಿ."

"ಅದೂ ದೊಡ್ಡ ಕೆಲಸಾನೇ," ಅಂದು ನನ್ನ ಬೆನ್ನು ತಟ್ಟಿದರು. ಸೀರೆಯ ಮೇಲೆ ಸೋಪಿನ ನೊರೆ ಇನ್ನೂ ಆರಿರಲಿಲ್ಲ.

ಜೀಪು ಹೋದ ಮೇಲೆ ಅಣ್ಣ ಎಳನೀರಿನ ಗೊನೆಯ ಜೊತೆ ಬಂದು ವಿಷಯ ಕೇಳಿದ. ಒಂದು ನಿಮಿಷ ಬೆಪ್ಪಾಗಿ ನಿಂತು, ಆಮೇಲೆ ಸುಧಾರಿಸಿಕೊಂಡು, "ಅವ್ವ ಹೇಳಿದ್ರಲ್ಲೂ ನ್ಯಾಯ ಐತೆ ಕಣೇ. ಮನೆ ವಿದ್ಯೆ ಮನೇಲೇ ಉಳೀಲಿ ಅಂತ. ನೀನು ನಾಳೆ ಮದ್ವೆಯಾಗಿ ಹೊರಗೆ ಹೋಗೋಳು, ಇವಳು ಮನೇಲಿರೋಳು," ಅಂದ. ಮನೆಯಲ್ಲಿರುವವಳು ಎರಡು ತಿಂಗಳಿಗೆ ಮೈಸೂರಿಗೆ ಹೋದಳು. ಅಣ್ಣನೂ ಅಲ್ಲಿಗೇ ವರ್ಗ ಮಾಡಿಸಿಕೊಂಡ. ಹೊರಗೆ ಹೋಗುವವಳು ಅದೇ ಪಡಸಾಲೆಯಲ್ಲಿ ಉಳಿದೆ.

ಊರಿಗೆಲ್ಲ ಗೊತ್ತಿತ್ತು. ಯಾರೂ ತುಟಿ ಬಿಚ್ಚಲಿಲ್ಲ. ಮನೆ ವಿಷಯ, ನಮಗ್ಯಾಕೆ ಬುಡು ಅಂದರು. ಕರೀಂ ಸಾಬರು ಮಾತ್ರ ಸಂತೆಯ ದಿನ ನನ್ನನ್ನು ನಿಲ್ಲಿಸಿ, "ನಾನ್ ಆ ಚಾಕು ಮಾಡಿದ್ದು ಯಾರ್ ಕೈಗೆ ಅಂತ ನಂಗೆ ಗೊತ್ತಿಲ್ವೇನಮ್ಮ? ನೀವ್ಯಾಕೆ ಸುಮ್ನಿದ್ರಿ?" ಅಂತ ನನ್ನನ್ನೇ ಗದರಿದರು. ನಾನು ಟೊಮೇಟೊ ಕೊಳ್ಳಲು ಹೋದೆ.

ಅವ್ವನನ್ನು ಆ ಸಂಜೆಯೇ ಕೇಳಿದ್ದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಮಾರನೆಯ ದಿನ ಕೇಳಿದೆ, ಗಂಜಿ ಬೇಡ ಅಂತ ಮುಖ ತಿರುಗಿಸಿದಳು. ಐದನೆಯ ದಿನವೋ ಆರನೆಯ ದಿನವೋ ಮೈ ಒರೆಸುತ್ತಿದ್ದಾಗ, ನಾನು ಕೇಳದೆ ಇದ್ದಾಗ, ತಾನಾಗಿ ಹೇಳಿದಳು.

"ನೀನ್ ಹೋದ್ರೆ ನನ್ನ ಕುಂಡಿ ತೊಳೆಯೋರ್ ಯಾರೇ?"

ಅಷ್ಟು ಹೇಳಿ ಅಳತೊಡಗಿದಳು. ಅವಳಿಗೆ ಅಳುವುದಕ್ಕೂ ಅರ್ಧ ಮುಖವೇ ಇತ್ತು. ಅಣ್ಣನ ಹಾಗೆ ಮನೆ ವಿದ್ಯೆ, ಹೊರಗೆ ಹೋಗುವವಳು ಅಂತ ಏನಾದರೂ ಹೇಳಿದ್ದರೆ ನಾನು ಜಗಳವಾಡಬಹುದಿತ್ತು. ನಿಜವನ್ನೇ ಹೇಳಿದಳು. ನನ್ನ ಕೈ ಎಷ್ಟು ಒಳ್ಳೆಯದು ಅಂತ ಗೊತ್ತಿದ್ದವಳು ಅವಳೊಬ್ಬಳೇ. ಕೈ ಚೆನ್ನಾಗಿದೆ, ಇವಳನ್ನು ಕರೆದುಕೊಂಡೇ ಹೋಗುತ್ತಾರೆ ಅಂತ ಗೊತ್ತಿದ್ದದ್ದರಿಂದಲೇ ಆ ಕೈಯ ಮೇಲಿನ ಹೆಸರು ಅಳಿಸಿದಳು. ನಾನು ಒದ್ದೆ ಬಟ್ಟೆ ಹಿಂಡಿ, ಅವಳ ಬೆನ್ನು ಪೂರ್ತಿ ಒರೆಸಿ, ಪೌಡರು ಹಾಕಿ, ಮಗ್ಗುಲು ತಿರುಗಿಸಿದೆ.

ಇನ್ನೂ ಒಂದಿದೆ, ಅದನ್ನು ಹೇಳಲು ನನಗೆ ನಾಚಿಕೆ. ಅತ್ತಿಗೆಗೆ ಕೆತ್ತುವುದನ್ನು ಕಲಿಸಿದವಳೂ ನಾನೇ. ಮೊದಲು ಆಗುವುದಿಲ್ಲ ಅಂದೆ. ಅತ್ತಿಗೆ ತಿಪಟೂರು ಬಿಟ್ಟು ಬಂದು ನಮ್ಮ ಮನೆಯಲ್ಲೇ ಉಳಿದು, ಒಬ್ಬಳೇ ಕೂತು ಏನೋ ಗೀಚುತ್ತಿದ್ದಳು. ಒಂದು ದಿನ ಅವಳ ಕೈಯಲ್ಲಿದ್ದ ಹೋಳು ನೋಡಿದೆ. ಕುರಿಗಳು ಹೆಗ್ಗಣಗಳ ಹಾಗಿದ್ದವು. ನನ್ನಿಂದ ತಡೆಯಲಾಗಲಿಲ್ಲ, ಕಿತ್ತುಕೊಂಡು ಸರಿ ಮಾಡಿದೆ. ಅಲ್ಲಿಂದ ದಿನಾ ಕೂತೆವು. ಅವಳ ಕೈ ಕೆಟ್ಟದ್ದೇನಲ್ಲ, ಕಲಿಯುವ ಆಸೆಯೂ ಇತ್ತು. ನಾನು ಎಳೆದ ಹಾಗೆಯೇ ಎಳೆದಳು. ಬಳ್ಳಿ ಯಾಕೆ ಎಡಕ್ಕೆ ಅಂತ ಅವಳು ಕೇಳಲಿಲ್ಲ. ಅತ್ತಿಗೆ ಹೊರಡುವ ದಿನ ಅವ್ವ ಚಾಕುವಿನ ಕಡೆ ಕಣ್ಣು ತೋರಿಸಿ, ಕೊಡು ಅಂದಳು. ಸೈಕಲ್ ಟ್ಯೂಬು ಸುತ್ತಿದ ಚಾಕು. ಕೊಟ್ಟೆ.

ಅದೇ ವಾರ ಅಟ್ಟದ ಕಾಯಿ ಇಳಿಸಿದ್ದು. ಕೂಲಿಯವರು ಹಾರೆಯಲ್ಲಿ ಮಟ್ಟೆ ಸುಲಿದು ರಾಶಿ ಹಾಕುತ್ತಿದ್ದರು. ಅವ್ವನನ್ನು ಪಡಸಾಲೆಯಲ್ಲಿ ಒರಗಿಸಿದ್ದೆ. ಅವಳು ಎಡಗೈಯಲ್ಲಿ ಒಂದೊಂದೇ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಕೊನೆಗೆ ಒಂದನ್ನು ಆರಿಸಿ ನನ್ನ ಕಡೆ ಚಾಚಿದಳು. ಕೆತ್ತಲು ಅಂತ. ಅವಳು ಬಿದ್ದ ದಿನ ಅಟ್ಟ ಏರಿದ ಕಾಯಿಗಳಲ್ಲೊಂದು. ನಾನು ಈಸಿಕೊಂಡು, ಒಡೆದು, ಅವಳ ಕಣ್ಣ ಮುಂದೆಯೇ ತುರಿಯುವ ಮಣೆಗೆ ಹಾಕಿ ಪೂರ್ತಿ ತುರಿದೆ. ಆಮೇಲೆ ಅವ್ವ ಏಳು ವರ್ಷ ಬದುಕಿದ್ದಳು. ಏಳು ವರ್ಷವೂ ಅಟ್ಟ ಇಳಿಸಿದ ದಿನ ಒಂದು ಕಾಯಿ ಆರಿಸಿ ಚಾಚುತ್ತಿದ್ದಳು, ಏಳು ವರ್ಷವೂ ನಾನು ತುರಿದೆ. ಅವಳ ಬೆನ್ನಿನ ಮೇಲೆ ಒಂದು ಹುಣ್ಣು ಬರಗೊಡಲಿಲ್ಲ. ಅವಳಿಗೆ ಆ ಒಂದು ಸಂತೋಷವನ್ನೂ ಕೊಡಲಿಲ್ಲ.

ಅವ್ವ ಹೋದ ಮೇಲೆ ಹಾಸನದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೇಲ್ವಿಚಾರಕಿ ಕೆಲಸ ಸಿಕ್ಕಿತು. ಹುಡುಗಿಯರು ಕಾಲೇಜಿಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಕೊಬ್ಬರಿ ಹೋಳು ಹಿಡಿದು ಕೂರುವುದುಂಟು. ಅವ್ವನ ಹಳೆಯ ಬಳ್ಳಿ, ಬಲಕ್ಕೆ ತಿರುಗುವುದು, ಅದನ್ನು ನೆನಪಿನಿಂದಲೇ ಕೈಗೆ ತಂದುಕೊಳ್ಳಲು ನನಗೆ ಹತ್ತು ವರ್ಷ ಹಿಡಿಯಿತು. ಕೆತ್ತಿದ್ದನ್ನು ಸಂಜೆ ಹಾಸ್ಟೆಲಿನ ಸಾರಿಗೆ ತುರಿದು ಹಾಕುತ್ತೇನೆ. ಹುಡುಗಿಯರು ಸಾರು ಚೆನ್ನಾಗಿದೆ ಅನ್ನುತ್ತಾರೆ.

ಸೀಮಂತದ ಮನೆ ತಿಪಟೂರಿನಲ್ಲಿ, ಅಣ್ಣ ಮೈಸೂರಿನಿಂದ ವಾಪಸು ಬಂದ ಮೇಲೆ ಕಟ್ಟಿಸಿದ್ದು. ಹಜಾರದ ಗೋಡೆಯ ತುಂಬ ಅತ್ತಿಗೆಗೆ ಬಂದ ಪ್ರಶಸ್ತಿ ಪತ್ರಗಳು. ಒಂದು ಮೂಲೆಯಲ್ಲಿ ಅವಳು ಕ್ಲಾಸು ನಡೆಸುವ ಜಾಗ. ಮಣೆ, ಹೋಳುಗಳ ಬುಟ್ಟಿ, ಸ್ಟೀಲಿನ ಟ್ರೇಯಲ್ಲಿ ಚಾಕುಗಳು. ಚೈತ್ರಳ ಮುಂದೆ ತಟ್ಟೆಗಳ ಸಾಲು, ತಟ್ಟೆಗಳಲ್ಲಿ ಬಟ್ಟಲು, ಬಟ್ಟಲುಗಳ ಮೇಲೆ ಎಡಕ್ಕೆ ತಿರುಗಿದ ಬಳ್ಳಿ, ಕೆಳಗೆ ಕುರಿಸಾಲು. ಕೊನೆಯ ಮರಿ ಹಿಂದಕ್ಕೆ ತಿರುಗಿ ನೋಡುತ್ತಿತ್ತು.

ಬಳೆ ತೊಡಿಸಿ ಆರತಿ ಆದ ಮೇಲೆ ಅತ್ತಿಗೆ ನನ್ನ ಪಕ್ಕ ಬಂದು ಕೂತಳು. "ಶಾರದ, ಬಾಣಂತನಕ್ಕೆ ನೀನೇ ಬರಬೇಕು ಕಣಮ್ಮ. ನಂಗೆ ಕ್ಲಾಸು, ಎಗ್ಸಿಬಿಷನ್ನು ಅಂತ ಪುರುಸೊತ್ತೇ ಇಲ್ಲ. ಅವ್ವನ್ನ ನೀನ್ ನೋಡ್ಕೊಂಡಂಗೆ ಯಾರ್ ನೋಡ್ಕೋತಾರೆ ಹೇಳು? ನಿನ್ ಕೈ ಅಂಥದ್ದು," ಅಂದಳು. ಕುಹಕ ಏನೂ ಇರಲಿಲ್ಲ, ಮನಸಾರೆ ಅಂದಳು. ಸುತ್ತ ಕೂತಿದ್ದ ಹೆಂಗಸರೂ ಹೌದು ಹೌದು ಅಂದರು.

ಚೈತ್ರ ಒಂದು ಬಟ್ಟಲನ್ನು ತಿರುಗಿಸಿ ನೋಡುತ್ತಾ, "ಅತ್ತೆ, ನಮ್ಮಜ್ಜಿ ಎಡಚರಂತಲ್ಲ? ಅದಕ್ಕೇ ನಮ್ಮನೆ ಬಳ್ಳಿ ಎಡಕ್ಕೆ ಅಂತೆ. ಅಮ್ಮ ಎಲ್ಲಾ ಕಡೆ ಹಂಗೇ ಹೇಳುತ್ತೆ. ನೀವು ನೋಡಿದ್ರಾ ಅಜ್ಜಿ ಕೆತ್ತೋದನ್ನ?" ಅಂದಳು.

ನಾನು ಎದ್ದು ಮೂಲೆಗೆ ಹೋದೆ. ಟ್ರೇಯಲ್ಲಿ ಹುಡುಕುವುದೇನೂ ಬೇಕಾಗಲಿಲ್ಲ. ಟ್ಯೂಬಿನ ಸುತ್ತು ಸವೆದು ಬೆಳ್ಳಗಾಗಿತ್ತು, ಬ್ಲೇಡು ಅರ್ಧಕ್ಕೆ ಬಂದಿತ್ತು, ಆದರೂ ನನ್ನ ಬೆರಳು ಇರುವ ಜಾಗದಲ್ಲೇ ಕೂತಿತು. ಒದ್ದೆ ಬಟ್ಟೆಯಿಂದ ಒಂದು ಹೋಳು ತೆಗೆದುಕೊಂಡು ಚೈತ್ರಳ ಮುಂದೆ ಬಂದು ಕೂತೆ. ಹೆಂಗಸರು ಮಾತಾಡುತ್ತಲೇ ಇದ್ದರು, ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರಾಗಿ ಹತ್ತಿರ ಬಂದು ಬಗ್ಗಿ ನೋಡತೊಡಗಿದರು. ಬುಡದಿಂದ ಹೊರಟು, ಬಲಕ್ಕೆ ಸುತ್ತಿ, ಸುತ್ತಿ, ಅಂಚಿಗೆ ಬಂದು ನಿಲ್ಲಿಸಿದೆ. ಪುಡಿ ಊದಿ ಅವಳ ಮಡಿಲಿಗಿಟ್ಟೆ.

"ಇದು ನಿಮ್ಮಜ್ಜೀದು ಕಣಮ್ಮ. ಆಯಮ್ಮಂಗೆ ಬಲಗೈ ಇದ್ದಾಗ ಹಿಂಗೆ ಕೆತ್ತೋದು. ಲಕ್ವ ಹೊಡೆದ್ಮೇಲೆ ಆಯಮ್ಮ ಒಂದನ್ನೂ ಕೆತ್ತಲಿಲ್ಲ. ಎಡಗೈಲಿ ನೆಲದ ಮೇಲೆ ಗೆರೆ ಎಳೆದು ತೋರಿಸ್ತು, ನಾನು ಕೆತ್ತಿದೆ. ಆ ತಟ್ಟೇಲಿರೋ ಬಳ್ಳಿ, ಕುರಿಸಾಲು ಎಲ್ಲ ನಂದು," ಅಂದೆ.

ಚೈತ್ರ ಎರಡು ಬಟ್ಟಲನ್ನೂ ಎರಡು ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ತಾಯಿಯ ಕಡೆ ತಿರುಗಿ, "ಹೌದಾಮ್ಮ?" ಅಂದಳು.

ಅತ್ತಿಗೆ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ತಲೆ ತಗ್ಗಿಸಿ, ಸೆರಗಿನ ತುದಿ ಹಿಡಿದುಕೊಂಡು ಕೂತಳು.

ಬಾಣಂತನದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಊಟ ಮಾಡಿ ನಾಲ್ಕು ಗಂಟೆ ಬಸ್ಸಿಗೆ ಹೊರಟೆ. ಚಾಕುವನ್ನು ಒರೆಸಿ ನನ್ನ ಚೀಲಕ್ಕೆ ಹಾಕಿಕೊಂಡೆ. ಯಾರನ್ನೂ ಕೇಳಲಿಲ್ಲ.